ಮನೆಯ ಕೋಣೆಯಲ್ಲಿ ಹಾಡು ಕಟ್ಟುವವರಿಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಮನೆಯಲ್ಲಿಯೇ ಹಾಡನ್ನು ಧ್ವನಿಮುದ್ರಿಸಿ, ಹಿಮ್ಮೇಳ ಕೂಡಿಸಿ ಹೊರತರುವ ಹೊಸಬರು ತಮ್ಮ ತೊಡಕುಗಳನ್ನು ಬರೆದು, ಸಾಧ್ಯವಾದರೆ ಹಾಡಿನ ಪ್ರತಿಯನ್ನೂ ಕಳುಹಿಸಬೇಕೆಂದು ಕಳೆದ ಸಂಚಿಕೆಯಲ್ಲಿ ಕೇಳಿಕೊಂಡಿದ್ದೆವು. ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ತಾಲ್ಲೂಕುಗಳಿಂದ ಪತ್ರಗಳು ಬಂದಿವೆ. ಹೆಚ್ಚಿನವರು ಕೇಳಿರುವುದು ಮಿಕ್ಸಿಂಗ್ (ಮುದ್ರಿಸಿದ ದನಿ, ವಾದ್ಯಗಳ ಮಟ್ಟ ಹೊಂದಿಸಿ ಒಂದಾಗಿಸುವುದು) ಮತ್ತು ತಂತ್ರಾಂಶಕ್ಕೆ ಕೂಡಿಸುವ ಸಣ್ಣ ಸಾಧನಗಳಾದ ಪ್ಲಗಿನ್‌ಗಳ ವಿಷಯ. ಆದರೆ ಅವರ ಹಾಡುಗಳನ್ನು ಒಂದೊಂದಾಗಿ ಕೂತು ಕೇಳಿದಾಗ, ಕೆಡುಕು ಬಹುಪಾಲು ಹಾಡು ಕಂಪ್ಯೂಟರಿನೊಳಗೆ ಹೋಗುವ ಮೊದಲೇ, ಕೋಣೆಯಲ್ಲಿಯೋ ಮೈಕಿನ ಮುಂದೆಯೋ ವಾದ್ಯ ಸಂಯೋಜನೆಯಲ್ಲಿಯೋ ಸೇರಿಕೊಂಡಿರುವುದು ಕಂಡುಬಂದಿತು. ಹಾಗಾಗಿ ನನ್ನ ಉತ್ತರಗಳೂ ಹೆಚ್ಚಾಗಿ ಆ ಕಡೆಗೇ ಹೋಗಿವೆ. ಪತ್ರಗಳನ್ನು ಸಂಕ್ಷೇಪಿಸಿ, ಬರೆದವರ ಹೆಸರುಗಳನ್ನು ಬಿಟ್ಟಿದ್ದೇವೆ.

ಪ್ರಶ್ನೆ: ನಾನು ಸಾಗರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಪ್ರೌಢಶಾಲಾ ಶಿಕ್ಷಕ. ಭಾವಗೀತೆಗಳನ್ನು ಹಾಡಿ ಮುದ್ರಿಸುವ ಆಸೆಯಿಂದ ಸಣ್ಣ ಸದ್ದನ್ನೂ ಹಿಡಿಯುವ ಕಂಡೆನ್ಸರ್ ಮೈಕ್ ಮತ್ತು ಅದನ್ನು ಕಂಪ್ಯೂಟರಿಗೆ ಜೋಡಿಸುವ ಆಡಿಯೋ ಇಂಟರ್‌ಫೇಸ್ ಕೊಂಡಿದ್ದೇನೆ. ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆಯ ಗೋಡೆಗಳಿಗೆ ಮೊಟ್ಟೆಯ ಟ್ರೇಗಳನ್ನೂ ಅಂಟಿಸಿದ್ದೇನೆ. ಆದರೂ ದನಿ ಡಬ್ಬದೊಳಗಿಂದ ಬಂದಂತೆ ಕೇಳುತ್ತದೆ. ಮಳೆಗಾಲದಲ್ಲಂತೂ ಹೆಂಚಿನ ಮೇಲಿನ ಮಳೆಯ ಸದ್ದು ಹಾಡಿನ ತುಂಬ ಇರುತ್ತದೆ. ಯಾವ ಪ್ಲಗಿನ್ ಬಳಸಿದರೆ ಸರಿಹೋದೀತು?

ಉತ್ತರ: ಮಾನ್ಯರೆ, ಇದಕ್ಕಾಗಿ ಪ್ಲಗಿನ್ ಹುಡುಕುವುದನ್ನು ದಯವಿಟ್ಟು ನಿಲ್ಲಿಸಿ. ನಿಮ್ಮ ದನಿಯಲ್ಲಿ ದೋಷವಿಲ್ಲ, ಮೈಕಿನಲ್ಲಿಯೂ ಇಲ್ಲ. ಆ ಡಬ್ಬದ ಗುಣ ಕೋಣೆಯದು. ಉದ್ದವೂ ಅಗಲವೂ ಒಂದೇ ಆಗಿರುವ ಚಿಕ್ಕ ಕೋಣೆ ಧ್ವನಿಮುದ್ರಣಕ್ಕೆ ಬಲು ಕಷ್ಟದ ಜಾಗ. ಹತ್ತಡಿಯೆಂದರೆ ಸುಮಾರು 3.05 ಮೀಟರ್, ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುವುದರಿಂದ, ಎದುರುಬದುರು ಗೋಡೆಗಳ ನಡುವೆ 56 ಹರ್ಟ್ಸ್‌ನಲ್ಲಿ ಮತ್ತು ಅದರ ಮಡಿಗಳಾದ 112, 168 ಹರ್ಟ್ಸ್‌ಗಳಲ್ಲಿ ನಾದ ನಿಂತು ಮೊರೆಯುತ್ತದೆ. ಇನ್ನೆರಡು ಗೋಡೆಗಳ ಅಂತರವೂ ಅಷ್ಟೇ ಆಗಿರುವುದರಿಂದ ಅವುಗಳ ಮೊರೆತವೂ ಅದರೊಡನೆಯೇ ಕೂಡಿಕೊಳ್ಳುತ್ತದೆ. 112 ಹರ್ಟ್ಸ್ ಎಂಬುದು ಗಂಡುದನಿಯ ಮಂದ್ರ ಪಂಚಮದ ಆಸುಪಾಸು. ಪಲ್ಲವಿಯ ಕೊನೆಯಲ್ಲಿ ನೀವು ಕೆಳಗಿಳಿದಾಗಲೆಲ್ಲ ಆ ಒಂದು ಸ್ವರ ಮಾತ್ರ ಊದಿಕೊಂಡು ಕೇಳುವುದಕ್ಕೆ ಇದೇ ಕಾರಣ.

ಮೊಟ್ಟೆಯ ಟ್ರೇಯೆಂದರೆ ತೆಳುವಾದ ಕಾಗದದ ತಿರುಳು. ಎತ್ತರದ ಕಂಪನಗಳಲ್ಲಿ ಒಂದಿಷ್ಟನ್ನು ಅದು ಚದುರಿಸೀತೇ ಹೊರತು ಕೆಳಗಿನ ನಾದವನ್ನು ಹೀರಿಕೊಳ್ಳುವ ದಪ್ಪವಾಗಲೀ ತೂಕವಾಗಲೀ ಅದಕ್ಕಿಲ್ಲ. ಬೆಂಕಿಯನ್ನು ಬೇಗ ಹಿಡಿಯುವ ವಸ್ತು ಬೇರೆ. ವಯರುಗಳಿರುವ ಕೋಣೆಯಿಂದ ಅದನ್ನು ತೆಗೆದುಬಿಡುವುದೇ ಕ್ಷೇಮ.

ಒಂದು ಸಂಜೆ ಮೈಕನ್ನು ಮುಟ್ಟದೆ, ಹಾಡಿನ ಒಂದೇ ಸಾಲನ್ನು ಹಾಡುತ್ತ ಮನೆಯಲ್ಲೆಲ್ಲ ನಡೆದು ನೋಡಿ. ಜಗಲಿಯಲ್ಲಿ, ನಡುಮನೆಯಲ್ಲಿ, ಹಾಸಿಗೆ ಕಂಬಳಿಗಳನ್ನು ಪೇರಿಸಿಟ್ಟ ಒಳಕೋಣೆಯಲ್ಲಿ, ಅಟ್ಟದ ಮೆಟ್ಟಿಲ ಕೆಳಗೆ ನಿಂತು ಹಾಡಿ, ಒಮ್ಮೊಮ್ಮೆ ಗಟ್ಟಿಯಾಗಿ ಚಪ್ಪಾಳೆ ತಟ್ಟಿ. ಎಲ್ಲಿ ಚಪ್ಪಾಳೆಯ ಹಿಂದೆ ಬಾಲದಂತೆ ಯಾವ ಸದ್ದೂ ಉಳಿಯುವುದಿಲ್ಲವೋ ಅದು ನಿಮ್ಮ ಸ್ಟುಡಿಯೋ. ಮಲೆನಾಡಿನ ಹಳೆಯ ಮನೆಗಳಲ್ಲಿ ಅಂಥ ಜಾಗ ಬಹುಮಟ್ಟಿಗೆ ಇದ್ದೇ ಇರುತ್ತದೆ. ಮೇಲೆ ಹಲಗೆಯ ಅಟ್ಟವಿರುವ ಒಳಕೋಣೆಯಾದರೆ ಹೆಂಚಿನ ಸದ್ದೂ ಅರ್ಧ ತಗ್ಗುತ್ತದೆ. ಅಲ್ಲಿ ಎರಡು ಹತ್ತಿಯ ಹಾಸಿಗೆಗಳನ್ನು ಮೂಲೆಯ ಆಕಾರದಲ್ಲಿ ನಿಲ್ಲಿಸಿ, ಅವುಗಳ ಮೇಲೆ ಕಂಬಳಿ ಇಳಿಬಿಟ್ಟು, ಆ ಮೂಲೆಗೆ ಬೆನ್ನು ಕೊಟ್ಟು ಹಾಡಿ. ಹೆಚ್ಚಿನವರು ಇಲ್ಲಿಯೇ ತಪ್ಪುತ್ತಾರೆ. ಹಾಸಿಗೆಯನ್ನು ಮೈಕಿನ ಹಿಂದೆ ನಿಲ್ಲಿಸುತ್ತಾರೆ. ನಿಮ್ಮಲ್ಲಿರುವಂಥ ಮೈಕ್ ಮುಂದಿನದನ್ನು ಕೇಳಿಸಿಕೊಳ್ಳುತ್ತದೆ, ಬೆನ್ನ ಹಿಂದಿನದನ್ನು ತಕ್ಕಮಟ್ಟಿಗೆ ಬಿಡುತ್ತದೆ. ಆದ್ದರಿಂದ ಅದಕ್ಕೆ ಕಾಣುವ ಗೋಡೆ ನಿಮ್ಮ ಬೆನ್ನ ಹಿಂದಿನದು, ಹಾಸಿಗೆ ಇರಬೇಕಾದದ್ದೂ ಅಲ್ಲಿಯೇ.

ಮಳೆಯ ವಿಷಯಕ್ಕೆ ಬಂದರೆ, ಅದರ ಸದ್ದು ಕೆಳಗಿನಿಂದ ಮೇಲಿನವರೆಗೆ ಎಲ್ಲ ಸ್ತರಗಳಲ್ಲೂ ಹರಡಿಕೊಂಡಿರುವುದರಿಂದ ಇಕ್ಯೂನಲ್ಲಿ (ಒಂದೊಂದು ಸ್ತರವನ್ನು ಬೇರೆಯಾಗಿ ಏರಿಸಿ ಇಳಿಸುವ ಸಾಧನದಲ್ಲಿ) ಕತ್ತರಿಸಿ ತೆಗೆಯುವಂತಿಲ್ಲ. ಸದ್ದು ತೆಗೆಯುವ ತಂತ್ರಾಂಶಗಳನ್ನು ಒತ್ತಾಯದಿಂದ ಬಳಸಿದರೆ ದನಿ ನೀರಿನೊಳಗೆ ಹಾಡಿದಂತಾಗುತ್ತದೆ. ದೂರವನ್ನು ಕಡಿಮೆ ಮಾಡುವುದೇ ಸರಿಯಾದ ದಾರಿ. ಬಾಯಿಗೂ ಮೈಕಿಗೂ ನಡುವಿನ ಅಂತರ ಅರ್ಧವಾದಾಗಲೆಲ್ಲ ದನಿ ಸುಮಾರು 6 ಡೆಸಿಬಲ್ ಏರುತ್ತದೆ, ಮಳೆ ಇದ್ದಲ್ಲೇ ಇರುತ್ತದೆ. ಎರಡಡಿಯಿಂದ ಅರ್ಧ ಅಡಿಗೆ ಬಂದರೆ 12 ಡೆಸಿಬಲ್ ಲಾಭ. ಹತ್ತಿರ ಬಂದಾಗ ದನಿಯ ಕೆಳಭಾಗ ದಪ್ಪವಾಗುತ್ತದೆ. 80 ಹರ್ಟ್ಸ್‌ನ ಸುತ್ತ ಅದಕ್ಕಿಂತ ಕೆಳಗಿನದನ್ನು ತಡೆಯುವ ಹೈಪಾಸ್ ಫಿಲ್ಟರ್ ಹಾಕಿ, ಉಸಿರಿನ ಹೊಡೆತ ತಡೆಯುವ ಪಾಪ್ ಫಿಲ್ಟರ್ ಇಟ್ಟು, ಬಾಯಿಯ ನೇರಕ್ಕೆ ಅಲ್ಲದೆ ತುಸು ಓರೆಯಾಗಿ ಮೈಕ್ ನಿಲ್ಲಿಸಿದರೆ ಅದೂ ಹತೋಟಿಗೆ ಬರುತ್ತದೆ. ಇಷ್ಟಾದರೂ ಜುಲೈ ತಿಂಗಳಲ್ಲಿ ಮಳೆ ಹಿಡಿದುಕೊಂಡಾಗ ಕಂಡೆನ್ಸರ್ ಮೈಕನ್ನು ಬದಿಗಿಟ್ಟು, ಸಭೆಗಳಲ್ಲಿ ಬಳಸುವ ಸಾಧಾರಣ ಡೈನಮಿಕ್ ಮೈಕಿನಲ್ಲಿ ಬಾಯಿ ಹತ್ತಿರವಿಟ್ಟು ಹಾಡಿ ನೋಡಿ. ಬೆಲೆ ಕಡಿಮೆಯೆಂದು ಅದನ್ನು ತಾತ್ಸಾರ ಮಾಡಬೇಡಿ. ಕಂಡೆನ್ಸರ್ ಮೈಕನ್ನು ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಮುಚ್ಚಿದ ಡಬ್ಬಿಯಲ್ಲಿಡಿ. ಅದರೊಳಗಿನ ತೆಳುಪೊರೆಗೆ ತೇವ ಹತ್ತಿದರೆ ಚಟಚಟ ಸದ್ದು ಶುರುವಾಗುತ್ತದೆ.

ಪ್ರಶ್ನೆ: ಭದ್ರಾವತಿಯಿಂದ. ಯಾವ ತಂತ್ರಾಂಶದಿಂದ ಆರಂಭಿಸಬೇಕು? ಸ್ನೇಹಿತರೊಬ್ಬರು ದುಬಾರಿ ಪ್ಲಗಿನ್‌ಗಳ ಕ್ರ್ಯಾಕ್ ಪ್ರತಿಗಳನ್ನು ಪೆನ್‌ಡ್ರೈವ್‌ನಲ್ಲಿ ಕೊಡುತ್ತೇನೆ ಎನ್ನುತ್ತಾರೆ.

ಉತ್ತರ: ಪೆನ್‌ಡ್ರೈವ್ ಬೇಡ. ಅದು ಕಾನೂನಿಗೆ ವಿರುದ್ಧ ಎಂಬುದು ಒಂದು ಮಾತಾದರೆ, ಅಂಥ ಪ್ರತಿಗಳೊಂದಿಗೆ ಬರುವ ವೈರಸ್ಸಿನಿಂದ ಇಡೀ ಕೆಲಸವನ್ನು ಕಳೆದುಕೊಂಡವರನ್ನು ನಾನು ಕಂಡಿದ್ದೇನೆ ಎಂಬುದು ಇನ್ನೊಂದು. ರೀಪರ್, ಎಫ್‌ಎಲ್ ಸ್ಟುಡಿಯೋ, ಕ್ಯೂಬೇಸ್, ಏಬಲ್‌ಟನ್ ಲೈವ್, ಮ್ಯಾಕ್ ಇದ್ದರೆ ಲಾಜಿಕ್ ಪ್ರೊ, ಯಾವುದರಲ್ಲಿಯೂ ಒಳ್ಳೆಯ ಹಾಡು ಮಾಡಬಹುದು. ಹಣದ ಇಕ್ಕಟ್ಟಿದ್ದರೆ ರೀಪರ್ ನೋಡಿ. 60 ದಿನ ಪೂರ್ಣವಾಗಿ ಬಳಸಿ ಪರೀಕ್ಷಿಸಲು ಬಿಡುತ್ತಾರೆ, ಆಮೇಲಿನ ವೈಯಕ್ತಿಕ ಪರವಾನಗಿಯ ಬೆಲೆಯೂ ಕಡಿಮೆ. ಯಾವುದನ್ನು ಹಿಡಿದರೂ ಒಂದು ವರ್ಷ ಬದಲಾಯಿಸಬೇಡಿ. ತಂತ್ರಾಂಶದೊಳಗೇ ಇರುವ ಇಕ್ಯೂ, ದನಿಯ ಏರಿಳಿತವನ್ನು ಕುಗ್ಗಿಸುವ ಕಂಪ್ರೆಸರ್, ಅನುರಣನ ಸೇರಿಸುವ ರಿವರ್ಬ್ ಮೂರನ್ನೇ ಚೆನ್ನಾಗಿ ಕಲಿಯಿರಿ.

ಪ್ರಶ್ನೆ: ನಾನು ಶಿವಮೊಗ್ಗದ ಕಾಲೇಜೊಂದರಲ್ಲಿ ಓದುತ್ತಿರುವ ವಿದ್ಯಾರ್ಥಿನಿ. ಹೆಡ್‌ಫೋನಿನಲ್ಲಿ ಮಿಕ್ಸ್ ಮಾಡಿದಾಗ ಹಾಡು ತುಂಬ ಚೆನ್ನಾಗಿ ಕೇಳುತ್ತದೆ. ಅದನ್ನೇ ಅಪ್ಪನ ಕಾರಿನಲ್ಲಿ ಹಾಕಿದರೆ ಬೇಸ್ ಗುಮ್ಮೆನ್ನುತ್ತದೆ, ಮೊಬೈಲಿನಲ್ಲಿ ಹಾಕಿದರೆ ಬೇಸ್ ಇಲ್ಲವೇ ಇಲ್ಲ. ಗಣಪತಿ ಪೆಂಡಾಲಿನಲ್ಲಿ ಹಾಕಿಸಿದಾಗ ಹಿನ್ನೆಲೆಯ ಸ್ವರಮೇಳವೇ ಮಾಯವಾಗಿತ್ತು. ಯಾವುದನ್ನು ನಂಬಬೇಕು?

ಉತ್ತರ: ನಿಮ್ಮ ಪೆಂಡಾಲಿನ ಅನುಭವವನ್ನು ಓದಿ ನನ್ನದೇ ಒಂದು ಹಳೆಯ ತಪ್ಪು ನೆನಪಾಯಿತು. ಈ ಕೆಲಸಕ್ಕೆ ಬಂದ ಹೊಸದರಲ್ಲಿ ಒಂದು ಭಕ್ತಿಗೀತೆಗೆ ವಯಲಿನ್‌ಗಳ ಹಿನ್ನೆಲೆ ಮಾಡಿ, ಅದು ವಿಶಾಲವಾಗಿ ಹರಡಿ ಕೇಳಲೆಂದು ಅಗಲ ಹೆಚ್ಚಿಸುವ ಪ್ಲಗಿನ್ನನ್ನು ಧಾರಾಳವಾಗಿ ಬಳಸಿದ್ದೆ. ಊರ ಉತ್ಸವದಲ್ಲಿ ಕಂಬಕ್ಕೆ ಕಟ್ಟಿದ ಹಾರ್ನ್ ಸ್ಪೀಕರಿನಿಂದ ಆ ಹಾಡು ಬಂದಾಗ ದನಿ ಮತ್ತು ತಬಲ ಮಾತ್ರ ಉಳಿದಿದ್ದವು. ಎರಡು ವಾರ ಕೂತು ಮಾಡಿದ ವಯಲಿನ್‌ಗಳ ಗುರುತೂ ಇರಲಿಲ್ಲ. ಹಾರ್ನ್ ಸ್ಪೀಕರು ಎಡ ಬಲ ಎರಡನ್ನೂ ಕೂಡಿಸಿ ಮೋನೋ ಆಗಿ ನುಡಿಸುತ್ತದೆ. ಅಗಲ ಮಾಡುವ ಅನೇಕ ಪ್ಲಗಿನ್‌ಗಳು ಎಡದ ಅಲೆಯನ್ನು ಬಲದಲ್ಲಿ ತಿರುವುಮುರುವು ಮಾಡಿಯೇ ಆ ಭ್ರಮೆಯನ್ನು ಹುಟ್ಟಿಸುತ್ತವೆ; ಎರಡನ್ನೂ ಕೂಡಿಸಿದಾಗ ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಬಿದ್ದು ನಾದ ಅಳಿಸಿಹೋಗುತ್ತದೆ. ಅಂದಿನಿಂದ ಇಡೀ ಹಾಡು ಕೊನೆಗೆ ಹಾದುಹೋಗುವ ಮಾಸ್ಟರ್ ಟ್ರ್ಯಾಕಿನ ಮೇಲೆ ಮೋನೋ ಗುಂಡಿಯೊಂದನ್ನು ಇಟ್ಟುಕೊಂಡಿದ್ದೇನೆ, ಪ್ರತಿ ಅರ್ಧ ಗಂಟೆಗೊಮ್ಮೆ ಅದನ್ನು ಒತ್ತಿ ಕೇಳುತ್ತೇನೆ. ನಮ್ಮ ಊರುಗಳಲ್ಲಿ ಹಾಡು ಜನರನ್ನು ತಲುಪುವುದು ಉತ್ಸವದ ಧ್ವನಿವರ್ಧಕದಿಂದ, ಬಸ್ಸಿನ ಸ್ಪೀಕರಿನಿಂದ, ಅಂಗಡಿಯ ಮೇಲಿಟ್ಟ ಮೊಬೈಲಿನಿಂದ. ಮೋನೋದಲ್ಲಿ ನಿಲ್ಲದ ಹಾಡು ಅಲ್ಲಿ ನಿಲ್ಲುವುದಿಲ್ಲ.

ಬೇಸಿನ ಏರುಪೇರಿಗೆ ಎರಡು ಕಾರಣಗಳಿವೆ. ಮೊದಲನೆಯದು ನೀವು ಕೇಳುವ ಮಟ್ಟ. ಮನುಷ್ಯನ ಕಿವಿ ಕೆಳಸ್ತರದ ನಾದವನ್ನು ಮೆಲುದನಿಯಲ್ಲಿ ಕಡಿಮೆ, ಜೋರಾಗಿಟ್ಟಾಗ ಹೆಚ್ಚು ಕೇಳಿಸಿಕೊಳ್ಳುತ್ತದೆ. ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿಯೇ ಇದನ್ನು ಅಳೆದು ತೋರಿಸಿದ್ದಾರೆ. ಒಂದು ದಿನ ಜೋರಾಗಿ, ಮತ್ತೊಂದು ದಿನ ಮೆಲ್ಲಗೆ ಇಟ್ಟು ಮಿಕ್ಸ್ ಮಾಡಿದರೆ ಬೇಸಿನ ಲೆಕ್ಕ ತಪ್ಪುವುದು ಖಂಡಿತ. ಪಕ್ಕದಲ್ಲಿ ಕುಳಿತವರೊಡನೆ ದನಿಯೇರಿಸದೆ ಮಾತನಾಡಬಹುದಾದ ಮಟ್ಟವನ್ನು ಆರಿಸಿ, ಗುಂಡಿಯ ಆ ಜಾಗಕ್ಕೆ ಗುರುತು ಹಾಕಿ, ಬಹುಪಾಲು ಕೆಲಸ ಅಲ್ಲಿಯೇ ಮಾಡಿ. ಇದು ಕಿವಿಯ ರಕ್ಷಣೆಯ ಮಾತೂ ಹೌದು. 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆಗಿಂತ ಹೆಚ್ಚು ಕೇಳಬಾರದು, ಅಲ್ಲಿಂದ 3 ಡೆಸಿಬಲ್ ಏರಿದಾಗಲೆಲ್ಲ ಆ ಅವಧಿ ಅರ್ಧವಾಗುತ್ತದೆ ಎಂಬುದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಶಿಫಾರಸು. ನೀವಿನ್ನೂ ವಿದ್ಯಾರ್ಥಿನಿ, ಹೋದ ಕಿವಿ ಮರಳಿ ಬರುವುದಿಲ್ಲವಾದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಎರಡನೆಯದು, ಹೋಲಿಸಿ ನೋಡಲು ಪಕ್ಕದಲ್ಲಿ ಒಂದು ಹಾಡು ಇಲ್ಲದಿರುವುದು. ನಿಮಗೆ ಪ್ರಿಯವಾದ, ನಿಮ್ಮ ಹಾಡಿನ ಜಾತಿಯದೇ ಆದ ಹಾಡೊಂದನ್ನು ತಂತ್ರಾಂಶದೊಳಗೆ ಒಂದು ಟ್ರ್ಯಾಕಿನಲ್ಲಿಟ್ಟುಕೊಳ್ಳಿ. ಆದರೆ ಅದರ ಮಟ್ಟವನ್ನು ನಿಮ್ಮ ಹಾಡಿನ ಮಟ್ಟಕ್ಕೆ ಇಳಿಸಿಕೊಂಡೇ ಹೋಲಿಸಿ, ಏಕೆಂದರೆ ಜೋರಾಗಿರುವುದೆಲ್ಲ ಕಿವಿಗೆ ಚೆನ್ನಾಗಿಯೇ ಕೇಳುತ್ತದೆ. ಇದು ಪ್ಲಗಿನ್‌ಗಳಿಗೂ ಸಲ್ಲುವ ಮಾತು: ಕಂಪ್ರೆಸರ್ ಹಾಕಿದ ಮೇಲೆ ಹಾಡು ಸುಧಾರಿಸಿತು ಎನ್ನಿಸಿದರೆ, ಮಟ್ಟ ಸಮ ಮಾಡಿ ಇನ್ನೊಮ್ಮೆ ಕೇಳಿ. ಹಲವು ಬಾರಿ ಆ ಸುಧಾರಣೆ ಎರಡು ಡೆಸಿಬಲ್ ಏರಿಕೆಯಲ್ಲದೆ ಬೇರೇನೂ ಆಗಿರುವುದಿಲ್ಲ.

ಪ್ರಶ್ನೆ: ಸೊರಬದಿಂದ. ನಮ್ಮೂರ ಡೊಳ್ಳಿನ ತಂಡವನ್ನು ಸಮುದಾಯ ಭವನದಲ್ಲಿ ಮುದ್ರಿಸಿ, ಅದಕ್ಕೆ ಎಲೆಕ್ಟ್ರಾನಿಕ್ ಬೀಟ್ ಸೇರಿಸಿದ್ದೇನೆ. ಎದುರಿಗೆ ನಿಂತಾಗ ಎದೆ ನಡುಗಿಸುವ ಡೊಳ್ಳು ಹಾಡಿನಲ್ಲಿ ರಟ್ಟಿನ ಪೆಟ್ಟಿಗೆ ಬಡಿದಂತೆ ಕೇಳುತ್ತದೆ. ಪೆಟ್ಟುಗಳನ್ನೆಲ್ಲ ಕಂಪ್ಯೂಟರಿನ ಸಮ ಅಂತರದ ತಾಳಗೆರೆಗಳಾದ ಗ್ರಿಡ್‌ಗೆ ಕೂರಿಸಿದರೂ ಹುರುಪು ಬರಲಿಲ್ಲ.

ಉತ್ತರ: ಈ ಸಲದ ಪತ್ರಗಳಲ್ಲಿ ನನಗೆ ಅತ್ಯಂತ ಇಷ್ಟವಾದ ಪತ್ರ ಇದು, ಏಕೆಂದರೆ ನೀವು ಆರಿಸಿಕೊಂಡದ್ದು ನಮ್ಮ ಮಣ್ಣಿನ ವಾದ್ಯ. ನೀವು ಕಳುಹಿಸಿದ ಫೈಲನ್ನು ಹಿಗ್ಗಿಸಿ ನೋಡಿದೆ. ಪ್ರತಿ ಪೆಟ್ಟಿನ ಅಲೆಯ ತುದಿಯೂ ಕತ್ತಿಯಲ್ಲಿ ಸವರಿದಂತೆ ಚಪ್ಪಟೆಯಾಗಿದೆ. ಡಿಜಿಟಲ್ ಮುದ್ರಣದಲ್ಲಿ 0 ಡೆಸಿಬಲ್ಲಿನಿಂದ ಮೇಲೆ ಜಾಗವೇ ಇಲ್ಲ. ಅಲ್ಲಿಗೆ ತಾಕಿದ್ದೆಲ್ಲ ಕತ್ತರಿಸಿಹೋಗುತ್ತದೆ, ಕತ್ತರಿಸಿದ್ದು ಪೂರ್ತಿಯಾಗಿ ಮರಳಿ ಬರುವುದಿಲ್ಲ. ತಂಡದವರು ಶುರುವಿನಲ್ಲಿ ಮೆಲ್ಲಗೆ ಬಾರಿಸಿದ್ದನ್ನು ಕೇಳಿ ನೀವು ಗೇನ್ (ಮೈಕಿನಿಂದ ಒಳಬರುವ ಮಟ್ಟ) ಹೊಂದಿಸಿರಬೇಕು. ಮುಂದಿನ ಸಲ ಕೊನೆಯ ಅಬ್ಬರದ ಭಾಗವನ್ನು ಒಂದು ನಿಮಿಷ ಬಾರಿಸಲು ವಿನಂತಿಸಿ, ಆಗಿನ ಅತಿ ದೊಡ್ಡ ಪೆಟ್ಟು ಮೈನಸ್ 10 ಡೆಸಿಬಲ್ಲಿನ ಆಸುಪಾಸಿನಲ್ಲಿರುವಂತೆ ಗೇನ್ ಇಡಿ. ಕಡಿಮೆಯಾಯಿತೆಂಬ ಭಯ ಬೇಡ. 16 ಬಿಟ್ ಮುದ್ರಣದಲ್ಲಿ ಸುಮಾರು 96 ಡೆಸಿಬಲ್ ಹರವು ಇದ್ದರೆ 24 ಬಿಟ್‌ನಲ್ಲಿ ಲೆಕ್ಕದ ಪ್ರಕಾರ 144 ಡೆಸಿಬಲ್ ಇರುತ್ತದೆ. ತಗ್ಗಿಸಿ ಮುದ್ರಿಸಿ ಆಮೇಲೆ ಏರಿಸಿಕೊಂಡರೆ ಏನೂ ಕೆಡುವುದಿಲ್ಲ.

ಸಮುದಾಯ ಭವನದ ಸಿಮೆಂಟಿನ ಗೋಡೆಗಳು ಡೊಳ್ಳಿಗೆ ಶತ್ರು. ಮಳೆಯಿಲ್ಲದ ದಿನ ಅಡಿಕೆ ಒಣಗಿಸುವ ದೊಡ್ಡ ಅಂಗಳದಲ್ಲೋ ಬಯಲಿನಲ್ಲೋ, ಮೈಕಿಗೆ ಗಾಳಿತಡೆ ಹಾಕಿ ಮುದ್ರಿಸಿ. ಮಳೆಗಾಲದ ತೇವಕ್ಕೆ ಚರ್ಮ ಸಡಿಲವಾಗಿ ನಾದ ಇಳಿಯುತ್ತದೆಂಬುದು ಬಾರಿಸುವವರಿಗೆ ಚೆನ್ನಾಗಿ ಗೊತ್ತು; ವಾದ್ಯ ಯಾವಾಗ ಸಿದ್ಧವಾಗಿದೆ ಎಂಬುದನ್ನು ಅವರೇ ಹೇಳಲಿ, ಅವಸರ ಮಾಡಬೇಡಿ. ಒಂದು ಡೊಳ್ಳಿಗೆ ಎರಡೂ ಮುಖಗಳಲ್ಲಿ ಮೈಕ್ ಇಟ್ಟಿದ್ದರೆ, ಒಂದು ಮೈಕಿನ ಅಲೆಯನ್ನು ತಲೆಕೆಳಗು ಮಾಡುವ ಪೊಲಾರಿಟಿ ಗುಂಡಿಯನ್ನು ತಿರುಗಿಸಿ ಎರಡನ್ನೂ ಕೂಡಿಸಿ ಕೇಳಿ, ಯಾವ ಸ್ಥಿತಿಯಲ್ಲಿ ನಾದ ತುಂಬಿ ಬರುತ್ತದೋ ಹಾಗೆ ಬಿಡಿ. ನಿಮ್ಮ ರಟ್ಟಿನ ಪೆಟ್ಟಿಗೆಯ ಸದ್ದಿಗೆ ಅರ್ಧ ಕಾರಣ ಇಲ್ಲಿಯೇ ಇರಬಹುದು. ಉಳಿದರ್ಧ ನಿಮ್ಮ ಬೀಟಿನಲ್ಲಿರುವ ಎಲೆಕ್ಟ್ರಾನಿಕ್ ಕಿಕ್, ಅಂದರೆ ದಪ್ಪ ಡ್ರಮ್ಮಿನ ಪೆಟ್ಟು. ಡೊಳ್ಳು ಮತ್ತು ಕಿಕ್ ಎರಡೂ ಒಂದೇ ಕೆಳಸ್ತರದಲ್ಲಿ, ಒಂದೇ ಕ್ಷಣದಲ್ಲಿ ಬಿದ್ದಾಗ ಒಂದನ್ನೊಂದು ಮುಚ್ಚಿಹಾಕುತ್ತವೆ. ನನ್ನ ಅಭಿಪ್ರಾಯ ಕೇಳುವುದಾದರೆ ಕಿಕ್ ಅನ್ನು ತೆಗೆದುಬಿಡಿ. ಅಷ್ಟು ಡೊಳ್ಳುಗಳಿರುವಲ್ಲಿ ಅದಕ್ಕೆ ಕೆಲಸವೇನಿದೆ?

ಗ್ರಿಡ್‌ನ ವಿಷಯ ಇನ್ನೂ ಮುಖ್ಯ. ಡೊಳ್ಳಿನ ತಂಡ ಗಡಿಯಾರದ ಪ್ರಕಾರ ನಡೆಯುವುದಿಲ್ಲ. ತಾಳ ಹಿಡಿದವರ ಸನ್ನೆಯಂತೆ ಲಯ ಸ್ವಲ್ಪ ಸ್ವಲ್ಪವೇ ಏರುತ್ತ ಹೋಗುತ್ತದೆ, ಕುಣಿತದ ಹುರುಪು ಇರುವುದೇ ಆ ಏರಿಕೆಯಲ್ಲಿ. ಅದನ್ನು ಕತ್ತರಿಸಿ ಸಮಗೆರೆಗೆ ಕೂರಿಸಿದಾಗ ನೀವು ತೆಗೆದುಹಾಕಿದ್ದು ತಪ್ಪನ್ನಲ್ಲ, ನಡೆಯನ್ನೇ. ಡೊಳ್ಳನ್ನು ಮುಟ್ಟದೆ ಬಿಟ್ಟು, ತಂತ್ರಾಂಶದಲ್ಲಿ ಟೆಂಪೋ ಮ್ಯಾಪ್ ಮಾಡಿ ನಿಮ್ಮ ಗ್ರಿಡ್ಡನ್ನೇ ಅವರ ಲಯಕ್ಕೆ ಬಾಗಿಸಿ. ಬೇಸರದ ಕೆಲಸ, ಐದು ನಿಮಿಷದ ಹಾಡಿಗೆ ಒಂದು ಇಡೀ ದಿನ ಹಿಡಿಯಬಹುದು, ಆದರೆ ಮಾಡತಕ್ಕ ಕೆಲಸ.

ಇನ್ನೊಂದು ಮಾತು. ತಂಡದವರ ಹೆಸರುಗಳು, ಅವರಿಗೆ ಕೊಡುವ ಸಂಭಾವನೆ, ಹಾಡಿನಿಂದ ಹಣ ಬಂದರೆ ಅವರ ಪಾಲು, ಇವನ್ನು ಮುದ್ರಣಕ್ಕೆ ಮೊದಲೇ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿಕೊಳ್ಳಿ. ನಮ್ಮ ಕಾನೂನಿನಲ್ಲಿ ಕಲಾವಿದರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷಗಳ ಹಕ್ಕಿದೆ.

ಪ್ರಶ್ನೆ: ತೀರ್ಥಹಳ್ಳಿಯಿಂದ. ಸುಗಮ ಸಂಗೀತ ಕಲಿತಿದ್ದೇನೆ. ಧ್ವನಿಮುದ್ರಣದಲ್ಲಿ ಅಲ್ಲಲ್ಲಿ ಶ್ರುತಿ ತಪ್ಪುವುದರಿಂದ ಆಟೋಟ್ಯೂನ್ ಹಾಕಿದೆ. ಶ್ರುತಿ ಸರಿಯಾಯಿತು, ಆದರೆ ಹಾಡು ನನ್ನದಲ್ಲ ಎನ್ನಿಸುತ್ತಿದೆ. ಗುರುಗಳಿಗೆ ಕೇಳಿಸಲು ಸಂಕೋಚವಾಗುತ್ತಿದೆ.

ಉತ್ತರ: ನಿಮ್ಮ ಕಿವಿ ಸರಿಯಾಗಿಯೇ ಹೇಳುತ್ತಿದೆ. 1997ರಲ್ಲಿ ಬಂದ ಆ ತಂತ್ರಾಂಶವೂ ಅದರಂಥ ಇತರ ತಂತ್ರಾಂಶಗಳೂ, ಬಿಗಿಯಾಗಿ ಹೊಂದಿಸಿದಾಗ, ದನಿ ಎಲ್ಲಿದ್ದರೂ ಅದನ್ನು ಹನ್ನೆರಡು ಸ್ವರಸ್ಥಾನಗಳಲ್ಲಿ ಹತ್ತಿರದ ಒಂದಕ್ಕೆ ಎಳೆದು ನಿಲ್ಲಿಸುತ್ತವೆ. ನಮ್ಮ ಗಾಯನದಲ್ಲಿ ಹಲವು ರಾಗಗಳ ಗಾಂಧಾರ ಒಂದೆಡೆ ನಿಲ್ಲುವುದಿಲ್ಲ. ಮಧ್ಯಮವನ್ನು ಮುಟ್ಟಿ ತೂಗುತ್ತದೆ. ಆ ತೂಗಾಟವನ್ನು ಯಂತ್ರ ತಪ್ಪೆಂದು ತಿಳಿದು ಮೆಟ್ಟಿಲು ಮಾಡುತ್ತದೆ. ಇಡೀ ಹಾಡಿನಿಂದ ಅದನ್ನು ತೆಗೆಯಿರಿ. ನಿಜವಾಗಿ ತಪ್ಪಿರುವ ಎರಡು ಮೂರು ಪದಗಳಿದ್ದರೆ ಆ ಸಾಲನ್ನು ಮತ್ತೆ ಹಾಡುವುದು ಮೊದಲ ಪರಿಹಾರ. ಹಾಡುವುದು ಸಾಧ್ಯವೇ ಇಲ್ಲವಾದರೆ ಆ ಪದಗಳನ್ನಷ್ಟೇ ಕೈಯಿಂದ, ಎಳೆಯುವ ವೇಗವನ್ನು ನಿಧಾನವಾಗಿಟ್ಟು, ರಾಗದ ಸ್ವರಗಳನ್ನು ಮಾತ್ರ ಆರಿಸಿಕೊಂಡು ತಿದ್ದಿ.

ಆದರೆ ಶ್ರುತಿ ಏಕೆ ತಪ್ಪುತ್ತಿದೆ ಎಂದೂ ಕೇಳಿಕೊಳ್ಳಬೇಕು. ನಿಮ್ಮ ಪತ್ರದಲ್ಲಿ ಹಳೆಯ ಹಾರ್ಮೋನಿಯಂ ಜೊತೆ ಅಭ್ಯಾಸ ಮಾಡಿ, ಕಂಪ್ಯೂಟರಿನ ವಾದ್ಯಗಳ ಜೊತೆ ಮುದ್ರಿಸುತ್ತೇನೆ ಎಂದಿದ್ದೀರಿ. ತಂತ್ರಾಂಶದ ವಾದ್ಯಗಳು ಸಾಮಾನ್ಯವಾಗಿ ಪಾಶ್ಚಾತ್ಯರ ‘ಎ’ ಸ್ವರವನ್ನು 440 ಹರ್ಟ್ಸ್‌ಗೆ ಕೂಡಿಸಿರುತ್ತವೆ. ಹಳೆಯ ಪೆಟ್ಟಿಗೆಗಳು ಅದಕ್ಕಿಂತ ತುಸು ಮೇಲೆ ಅಥವಾ ಕೆಳಗೆ ಇರುವುದುಂಟು. ಮೊಬೈಲಿನ ಟ್ಯೂನರಿನಲ್ಲಿ ನೋಡಿ, ವ್ಯತ್ಯಾಸವಿದ್ದರೆ ತಂತ್ರಾಂಶವನ್ನೇ ಹಾರ್ಮೋನಿಯಂಗೆ ಕೂಡಿಸಿ. ಹೆಡ್‌ಫೋನಿನಲ್ಲಿ ಹಿಮ್ಮೇಳವನ್ನು ತಗ್ಗಿಸಿ ತಂಬೂರಿಯನ್ನು ಏರಿಸಿಕೊಳ್ಳಿ, ಒಂದು ಕಿವಿಯನ್ನು ತೆರೆದಿಟ್ಟು ಹಾಡಿ. ಬೇರೆಯವರು ಕಳುಹಿಸಿದ ವಾದ್ಯದ ಫೈಲುಗಳ ವಿಷಯದಲ್ಲೂ ಎಚ್ಚರ ಬೇಕು: ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಅಲೆಯನ್ನು ಅಳೆಯುತ್ತದೆ ಎಂಬ ಲೆಕ್ಕ) 44.1 ಕಿಲೋಹರ್ಟ್ಸ್‌ನಲ್ಲಿ ಮುದ್ರಿಸಿದ್ದನ್ನು ಬದಲಾಯಿಸದೆ 48ರ ಲೆಕ್ಕದಲ್ಲಿ ನುಡಿಸಿದರೆ ಅದು ಸುಮಾರು ಒಂದೂವರೆ ಸ್ವರಸ್ಥಾನ ಮೇಲೇರಿ, ವೇಗವೂ ಹೆಚ್ಚುತ್ತದೆ. ಒಮ್ಮೆ ಕೊಳಲಿನವರನ್ನು ಇದೇ ಕಾರಣಕ್ಕೆ ನಾನು ಅನ್ಯಾಯವಾಗಿ ಶಂಕಿಸಿ, ಆಮೇಲೆ ಕ್ಷಮೆ ಕೇಳಿದ್ದೇನೆ.

ಪ್ರಶ್ನೆ: ಶಿಕಾರಿಪುರದಿಂದ. ಯೂಟ್ಯೂಬ್‌ನಲ್ಲಿ ಬೇರೆಯವರ ಹಾಡುಗಳ ಮುಂದೆ ನನ್ನ ಹಾಡು ಸಣ್ಣದಾಗಿ ಕೇಳುತ್ತದೆ. ಅಲೆಯ ತುದಿಗಳನ್ನು ತಡೆದು ಮಟ್ಟ ಏರಿಸುವ ಲಿಮಿಟರನ್ನು ಇನ್ನಷ್ಟು ಒತ್ತಬೇಕೇ?

ಉತ್ತರ: ಬೇಡ. ಸ್ಪಾಟಿಫೈ, ಯೂಟ್ಯೂಬ್‌ನಂಥ ತಾಣಗಳು ಹಾಡಿನ ಸರಾಸರಿ ಗಟ್ಟಿತನವನ್ನು ಎಲ್‌ಯುಎಫ್‌ಎಸ್ ಎಂಬ ಮಾನದಲ್ಲಿ ಅಳೆದು, ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್‌ಗಿಂತ ಜೋರಾಗಿರುವುದನ್ನು ತಾವೇ ತಗ್ಗಿಸುತ್ತವೆ. ಒತ್ತಿ ಒತ್ತಿ ಮೈನಸ್ 7ಕ್ಕೆ ಏರಿಸಿದವರ ಹಾಡು ಅಲ್ಲಿ ಮೈನಸ್ 14ಕ್ಕೇ ಇಳಿಯುತ್ತದೆ, ಚಪ್ಪಟೆಯಾದ ತಬಲ ಮಾತ್ರ ಚಪ್ಪಟೆಯಾಗಿಯೇ ಉಳಿಯುತ್ತದೆ. ನಿಮ್ಮ ಹಾಡು ಮೈನಸ್ 21ರಲ್ಲಿದೆ. ಅಷ್ಟು ಕಡಿಮೆಯೂ ಬೇಡ, ಏಕೆಂದರೆ ಯೂಟ್ಯೂಬ್ ಅದನ್ನು ಏರಿಸಿಕೊಡುವುದಿಲ್ಲ. ದನಿಯ ಏರಿಳಿತವನ್ನು ಸಾಲುಸಾಲಾಗಿ ಕೈಯಿಂದ ಸಮ ಮಾಡಿಕೊಂಡರೆ ಲಿಮಿಟರಿನ ಅತಿಯಾದ ಒತ್ತಡವಿಲ್ಲದೆ ಮೈನಸ್ 14ರ ಹತ್ತಿರ ತಲುಪಬಹುದು. ಅತಿ ಎತ್ತರದ ತುದಿ ಮೈನಸ್ 1 ಡೆಸಿಬಲ್ ದಾಟದಿರಲಿ.

ಪ್ರಶ್ನೆ: ಹೊಸನಗರದಿಂದ. ಹಾಡುವಾಗ ನನ್ನ ದನಿ ನನಗೇ ತಡವಾಗಿ ಕೇಳುತ್ತದೆ. ಕರೆಂಟ್ ಹೋಗಿ ಬಂದು ಒಮ್ಮೆ ಇಡೀ ಹಾಡು ಕಳೆದುಹೋಯಿತು. ಗುಂಯ್ ಎನ್ನುವ ಸದ್ದೂ ಇದೆ.

ಉತ್ತರ: ತಡಕ್ಕೆ ಕಾರಣ ಬಫರ್, ಅಂದರೆ ಕಂಪ್ಯೂಟರು ದನಿಯನ್ನು ಒಮ್ಮೆಗೆ ಎಷ್ಟು ಕೂಡಿಟ್ಟುಕೊಂಡು ಮುಂದೆ ಕಳುಹಿಸುತ್ತದೆ ಎಂಬ ಗಾತ್ರ. 48 ಕಿಲೋಹರ್ಟ್ಸ್‌ನಲ್ಲಿ 1024 ಸ್ಯಾಂಪಲ್ ಬಫರ್ ಇದ್ದರೆ ಒಂದು ಕಡೆಗೇ ಸುಮಾರು 21 ಮಿಲಿಸೆಕೆಂಡ್ ತಡ, 128 ಇದ್ದರೆ 3ಕ್ಕೂ ಕಡಿಮೆ. ಹಾಡುವಾಗ 128 ಇಟ್ಟುಕೊಳ್ಳಿ, ಮಿಕ್ಸ್ ಮಾಡುವಾಗ 1024ಕ್ಕೆ ಏರಿಸಿ. ನಿಮ್ಮ ಇಂಟರ್‌ಫೇಸಿನಲ್ಲಿ ದನಿಯನ್ನು ಕಂಪ್ಯೂಟರಿನ ಮೂಲಕ ಸುತ್ತಿಸದೆ ನೇರವಾಗಿ ಕೇಳಿಸುವ ಡೈರೆಕ್ಟ್ ಮಾನಿಟರ್ ಗುಂಡಿ ಇದ್ದರೆ ಅದನ್ನು ಬಳಸಿ. ಗುಂಯ್ ಸದ್ದು 50 ಅಥವಾ 100 ಹರ್ಟ್ಸ್‌ನಲ್ಲಿದ್ದರೆ ಅದು ಮನೆಯ ವಿದ್ಯುತ್ತಿನದು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ, ಸದ್ದು ನಿಂತರೆ ಎಲೆಕ್ಟ್ರಿಷಿಯನ್ನರನ್ನು ಕರೆಸಿ ಅರ್ಥಿಂಗ್ ಪರೀಕ್ಷಿಸಿ. ಗುಡುಗು ಸಿಡಿಲಿನ ದಿನಗಳಲ್ಲಿ ಕೆಲಸ ಮುಗಿದೊಡನೆ ಎಲ್ಲ ಪ್ಲಗ್ಗುಗಳನ್ನೂ ಕಿತ್ತಿಡಿ. ಕೆಲಸದ ಪ್ರತಿ ಮೂರು ಕಡೆ ಇರಲಿ: ಲ್ಯಾಪ್‌ಟಾಪಿನಲ್ಲಿ, ಬೇರೆ ಹಾರ್ಡ್‌ಡಿಸ್ಕಿನಲ್ಲಿ ಮತ್ತು ಮನೆಯ ಹೊರಗೆ ಎಲ್ಲಾದರೂ.

ಪ್ರಶ್ನೆ: ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯಿಂದ. ನಮ್ಮ ತಾಲ್ಲೂಕಿನವರೇ ಆದ ಕುವೆಂಪು ಅವರ ಕವಿತೆಗೆ ಹೊಸ ರಾಗ ಹಾಕಿದ್ದೇನೆ. ನಡುವೆ ಹಳೆಯ ಚಿತ್ರಗೀತೆಯ ಹತ್ತು ಸೆಕೆಂಡ್ ತುಣುಕೂ ಇದೆ. ಹತ್ತು ಸೆಕೆಂಡಿನವರೆಗೆ ಅಡ್ಡಿಯಿಲ್ಲ ಎಂದು ಕೇಳಿದ್ದೇನೆ, ನಿಜವೇ?

ಉತ್ತರ: ನಿಜವಲ್ಲ. ಅಷ್ಟು ಸೆಕೆಂಡಿಗೆ ವಿನಾಯಿತಿ ಎಂಬ ನಿಯಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಇಲ್ಲ. ತುಣುಕನ್ನು ತೆಗೆಯಿರಿ. ಕವಿತೆಗೆ ಕವಿ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಕುವೆಂಪು ನಿಧನರಾದದ್ದು 1994ರಲ್ಲಿ. ಆದ್ದರಿಂದ 2054ರ ಕೊನೆಯವರೆಗೂ ಹಕ್ಕುದಾರರ ಲಿಖಿತ ಅನುಮತಿ ಬೇಕು. ಅಭಿಮಾನದಿಂದ ಮಾಡಿದೆನೆಂಬುದು ಅನುಮತಿಯ ಬದಲಿಗೆ ನಿಲ್ಲುವುದಿಲ್ಲ. ಅನುಮತಿ ಬರುವವರೆಗೆ ಕೈ ಕಟ್ಟಿ ಕೂರಬೇಕಾಗಿಲ್ಲ: ನಮ್ಮ ಜಿಲ್ಲೆಯ ಉಡುತಡಿಯ ಅಕ್ಕಮಹಾದೇವಿಯ ವಚನಗಳಿವೆ, ಬಳ್ಳಿಗಾವಿಯ ಅಲ್ಲಮನ ವಚನಗಳಿವೆ. ಅವಕ್ಕೆ ನೀವು ಧೈರ್ಯವಾಗಿ ರಾಗ ಹಾಕಬಹುದು. ಆದರೆ ಬೇರೆಯವರು ಈಗಾಗಲೇ ಹಾಕಿರುವ ರಾಗಕ್ಕೂ ಮಾಡಿರುವ ಧ್ವನಿಮುದ್ರಣಕ್ಕೂ ಪ್ರತ್ಯೇಕ ಹಕ್ಕುಗಳಿರುವುದನ್ನು ಮರೆಯಬೇಡಿ.

ಪ್ರಶ್ನೆ: ಸಾಗರದಿಂದ. ಒಂದು ಹಾಡಿನ ಮೇಲೆ ಎಂಟು ತಿಂಗಳಿಂದ ಕೆಲಸ ಮಾಡುತ್ತಿದ್ದೇನೆ. 72 ಟ್ರ್ಯಾಕ್‌ಗಳಾಗಿವೆ. ಎಷ್ಟು ಮಿಕ್ಸ್ ಮಾಡಿದರೂ ದನಿ ಮುಂದೆ ಬರುತ್ತಿಲ್ಲ. ಕಳುಹಿಸಿದ್ದೇನೆ, ಕೇಳಿ ಹೇಳಿ.

ಉತ್ತರ: ಮೂರು ಸಲ ಕೇಳಿದೆ. ರಾಗ ಬಹಳ ಸೊಗಸಾಗಿದೆ, ಅದಕ್ಕಾಗಿಯೇ ಬಿಚ್ಚಿ ಹೇಳುತ್ತೇನೆ. ದನಿ ಹಿಂದೆ ಬಿದ್ದಿರುವುದು ಅದರ ಮಟ್ಟ ಕಡಿಮೆಯಾದುದರಿಂದಲ್ಲ, ಅದರ ಸ್ಥಾನದಲ್ಲಿ ಬೇರೆ ಒಂಬತ್ತು ವಾದ್ಯಗಳು ಕೂತಿರುವುದರಿಂದ. ಪಲ್ಲವಿಯ ಮೊದಲ ಸಾಲಿನಲ್ಲಿ ಗಿಟಾರ್, ಪಿಯಾನೋ, ಎರಡು ಸಿಂಥ್ ಪ್ಯಾಡ್ (ಎಲೆಕ್ಟ್ರಾನಿಕ್ ಹಿನ್ನೆಲೆ ನಾದ), ಸಂತೂರ್, ವಯಲಿನ್‌ಗಳು ಎಲ್ಲವೂ ದನಿಯ ಸಪ್ತಕದಲ್ಲಿಯೇ ಏಕಕಾಲಕ್ಕೆ ನುಡಿಯುತ್ತವೆ. ಇಕ್ಯೂನಿಂದ ಒಂದೊಂದನ್ನೂ ಕೆತ್ತುತ್ತ ಕೂತರೆ ಇನ್ನೂ ಎಂಟು ತಿಂಗಳು ಬೇಕು. ವಾದ್ಯ ಸಂಯೋಜನೆಯ ತಪ್ಪನ್ನು ಮಿಕ್ಸಿಂಗ್ ಸರಿಪಡಿಸಲಾರದು.

ಈ ವಾರ ಹೀಗೆ ಮಾಡಿ. ಯೋಜನೆಯ ಹೊಸ ಪ್ರತಿಯೊಂದನ್ನು ಉಳಿಸಿಕೊಂಡು ಎಲ್ಲ 72 ಟ್ರ್ಯಾಕ್‌ಗಳನ್ನೂ ಮ್ಯೂಟ್ ಮಾಡಿ. ದನಿ ಮತ್ತು ತಂಬೂರಿ ಎರಡನ್ನೇ ತೆರೆದು ಹಾಡನ್ನು ಪೂರ್ತಿ ಕೇಳಿ. ಆಮೇಲೆ ಒಂದೊಂದೇ ವಾದ್ಯವನ್ನು ತೆರೆಯುತ್ತ ಹೋಗಿ, ಅದು ಬಂದಾಗ ದನಿಗೆ ಏನು ಸಿಕ್ಕಿತು ಎಂಬುದನ್ನು ಒಂದೇ ವಾಕ್ಯದಲ್ಲಿ ಕಾಗದದ ಮೇಲೆ ಬರೆಯಿರಿ; ಬರೆಯಲು ಏನೂ ತೋಚದಿದ್ದರೆ ಮತ್ತೆ ಮುಚ್ಚಿ. ನನ್ನ ಕಿವಿಗೆ ಉಳಿದದ್ದು ಇಷ್ಟು: ದನಿ, ತಂಬೂರಿ, ತಬಲ, ಪಲ್ಲವಿಯಲ್ಲಿ ಗಿಟಾರ್ ಒಂದೇ, ಎರಡನೆಯ ಚರಣಕ್ಕೆ ಮೊದಲು ಬರುವ ಆ ಎಂಟು ಆವರ್ತದ ಕೊಳಲು, ಕೊನೆಯ ಪಲ್ಲವಿಯಲ್ಲಿ ಮಾತ್ರ ವಯಲಿನ್‌ಗಳು. ಮೊದಲ ಚರಣದಲ್ಲಿ ತಬಲವನ್ನೂ ನಿಲ್ಲಿಸಿ ನೋಡಿ. ಅಲ್ಲಿ ನಿಮ್ಮ ಗಾಯಕಿ ಉಸಿರು ತೆಗೆದುಕೊಳ್ಳುವುದು ಕೇಳುತ್ತದೆ, ಅದನ್ನು ಅಳಿಸಬೇಡಿ. ಬದಲಾಯಿಸಿದ ಪ್ರತಿಯನ್ನು ಮುಂದಿನ ತಿಂಗಳ 10ರೊಳಗೆ ಪತ್ರಿಕೆಗೆ ಕಳುಹಿಸಿದರೆ ಮತ್ತೊಮ್ಮೆ ಕೇಳಿ ಬರೆಯುತ್ತೇನೆ.